ಔಟಾಗದವನು

ನಮ್ಮ ಪಕ್ಕದ ಮನೆಯಾತ ಹನ್ನೆರಡು ವರ್ಷದಿಂದ ರಾಜ್ಯ ತಂಡದ ಆರಂಭಿಕ ಬ್ಯಾಟ್ಸ್‌ಮನ್. ಅಜ್ಜ, ಅಪ್ಪ, ಸೋದರತ್ತೆ ಎಲ್ಲರೂ ರಾಜ್ಯಕ್ಕೆ ಆಡಿದವರು; ಆ ಮನೆಯಲ್ಲಿ ಮಗು ಹುಟ್ಟಿದರೆ ಮೊದಲು ಎಡಗೈಯೋ ಬಲಗೈಯೋ ಎಂದು ನೋಡುತ್ತಾರೆ, ಗಂಡೋ ಹೆಣ್ಣೋ ಎಂಬುದು ಆಮೇಲೆ. ಈತ ರನ್ ಹೊಡೆದದ್ದಕ್ಕಿಂತ ಔಟಾಗದೆ ನಿಂತದ್ದೇ ಹೆಚ್ಚು. ಒಮ್ಮೆ ಇಡೀ ದಿನ ಆಡಿ ಮೂವತ್ತೊಂದು ರನ್ ಗಳಿಸಿದಾಗ ಎದುರು ತಂಡದ ಬೌಲರ್ ಕೈಮುಗಿದು, "ಹೋಗಣ್ಣ, ಮನೇಲಿ ಕಾಯ್ತಿರ್ತಾರೆ" ಎಂದನಂತೆ. ಮನೆಯಲ್ಲೂ ಅದೇ ಕಥೆ. ಹೆಂಡತಿ ಏನು ಕೇಳಿದರೂ ಕಾಲ್ತುದಿಯಿಂದ ಎರಡು ಸಲ ನೆಲ ತಟ್ಟಿ, ಸುತ್ತಲೂ ಕಣ್ಣಾಡಿಸಿ, ಆ ಪ್ರಶ್ನೆಯನ್ನು ಆಫ್‌ಸ್ಟಂಪಿನ ಆಚೆಯ ಚೆಂಡಿನಂತೆ ಮುಟ್ಟದೆ ಬಿಟ್ಟುಬಿಡುತ್ತಾನೆ. "ತರಕಾರಿ ತಂದ್ರಾ?" ಎಂದರೆ, "ಊಟದ ವಿರಾಮ ಆಗ್ಲಿ, ನೋಡೋಣ." ಹೋದ ವರ್ಷ ಅಪ್ಪನಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿತು, ಆ ಕೈಗೆ ವ್ಯಾಯಾಮವಾಗಲಿ, ಚೆಂಡು ಕೊಟ್ಟು ಎಸೆಯಲು ಹೇಳಿ ಎಂದರು ಡಾಕ್ಟರು. ಈಗ ದಿನಾ ಬೆಳಿಗ್ಗೆ ನಡುಮನೆಯಲ್ಲಿ ಅಪ್ಪ ಕುರ್ಚಿಯಿಂದ ಚೆಂಡು ಬಿಡುತ್ತಾರೆ, ಅದು ನಿಧಾನವಾಗಿ ಉರುಳುತ್ತಾ ಬರುತ್ತದೆ, ಮಗ ಗಂಭೀರವಾಗಿ ಬ್ಯಾಟು ಬೀಸಿ ಔಟಾಗುತ್ತಾನೆ. "ನಾಟಕ ಆಡ್ಬೇಡ್ವೋ" ಎಂದರು ಅಪ್ಪ ಒಂದು ದಿನ. "ಇಲ್ಲಪ್ಪಾ, ಕೊನೇಲಿ ಒಳಗೆ ತಿರುಗ್ತು." ಅಪ್ಪ ಮಗನ ಮುಖ ನೋಡಿದರು. ಆಮೇಲೆ "ಕೊಡಿಲ್ಲಿ ಚೆಂಡು" ಎಂದು, ಎಡಗೈಯಿಂದ ಬಲಗೈಯನ್ನು ಎತ್ತಿ ಮುಂದೆ ಚಾಚಿದರು.