ಬೇಳೆ ವಿಚಾರಿಸಿ ಮೀನು ಕೊಡುತ್ತಿದ್ದ ಸಾಹೇಬರು

ಮದ್ದೂರಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಈಗ ಮೊಬೈಲ್ ಕವರ್ ಮಾರುವ ಅಂಗಡಿಯೊಂದಿದೆ. ಅದರ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ಪಾಪ, ಆ ಅಂಗಡಿಯವನದೇನೂ ತಪ್ಪಿಲ್ಲ. ಅವನು ಬರುವ ಮೊದಲು ಅಲ್ಲಿ ಬಣ್ಣದ ಮೀನಿನ ಅಂಗಡಿ ಇತ್ತು, ಅದರೊಳಗೆ ಜಕೀವುಲ್ಲಾ ಸಾಹೇಬರು ಇದ್ದರು. ಹೋದ ವರ್ಷ ಸಾಹೇಬರು ತೀರಿಕೊಂಡರು, ಆಮೇಲೆ ಮೂರು ತಿಂಗಳಿಗೆ ಅಂಗಡಿಯೂ ಹೋಯಿತು. ನನ್ನ ತಕರಾರು ಇಷ್ಟೇ.

ಸಾಹೇಬರು ಮೊದಲಿಗೆ ಮೀನಿನವರಲ್ಲ. ಸುತ್ತಲ ಹಳ್ಳಿಗಳ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತುತ್ತಿದ್ದ ಮೆಕ್ಯಾನಿಕ್. ಒಂದು ಸಲ ಯಾರೋ ಮೀನಿನ ತೊಟ್ಟಿಗೆ ಗಾಳಿ ಊದುವ ಪುಟ್ಟ ಪಂಪನ್ನು ರಿಪೇರಿಗೆ ಕೊಟ್ಟು, ವಾಪಸ್ ಒಯ್ಯಲು ಬರಲೇ ಇಲ್ಲವಂತೆ. ಗುಳ್ಳೆ ಸರಿಯಾಗಿ ಏಳುತ್ತದೋ ನೋಡೋಣ ಎಂದು ಸಾಹೇಬರು ಒಂದು ಗಾಜಿನ ಜಾಡಿ ತಂದರು, ಜಾಡಿ ಖಾಲಿ ಕಾಣುತ್ತದಲ್ಲ ಎಂದು ಎರಡು ಗಪ್ಪಿ ಮೀನು ತಂದರು. ಪಂಪು ರಿಪೇರಿಯಾಯಿತು, ಮನುಷ್ಯ ಕೆಟ್ಟ ಎಂದು ಅವರ ಹೆಂಡತಿ ಸರ್ವರ್ ಬೇಗಂ ಕೊನೆಯವರೆಗೂ ಹೇಳುತ್ತಿದ್ದರು.

ಅಂಗಡಿ ಎಂದರೆ ಒಂದು ಉದ್ದನೆಯ ಕತ್ತಲೆ ಕೋಣೆ. ಎರಡೂ ಗೋಡೆಗೆ ಅವರೇ ಗಾಜು ಅಂಟಿಸಿ ಮಾಡಿದ ತೊಟ್ಟಿಗಳು, ಒಳಗೆ ಕಾಲಿಟ್ಟರೆ ಪಾಚಿಯ ತಣ್ಣನೆ ವಾಸನೆ, ಗುಳುಗುಳು ಸದ್ದು. ಅಲ್ಲಿಗೆ ಹೋಗಿ ಬೆರಳು ತೋರಿಸಿದರೆ ಮೀನು ಸಿಗುತ್ತಿರಲಿಲ್ಲ. ಮನೆಯಲ್ಲಿ ತೊಟ್ಟಿ ಎಷ್ಟು ಉದ್ದ, ಈಗಾಗಲೇ ಯಾರ‍್ಯಾರು ಇದ್ದಾರೆ ಎಂದು ಗಂಡು ನೋಡಲು ಬಂದವರ ಹಾಗೆ ವಿಚಾರಣೆ ಶುರುವಾಗುತ್ತಿತ್ತು. ಒಂದೊಂದು ಜಾತಿಯದು ಒಂದೊಂದು ಕೊಡಿ ಎಂದ ಕಂಟ್ರಾಕ್ಟರ್ ಒಬ್ಬನನ್ನು ನನ್ನ ಕಣ್ಣೆದುರೇ ವಾಪಸ್ ಕಳಿಸಿದ್ದರು. ಇದು ಮದುವೆ ಮನೆ ಎಲೆ ಅಲ್ಲ ಸ್ವಾಮಿ, ಎಲ್ಲಾನೂ ಒಂದೊಂದು ಬಡಿಸೋಕೆ ಎಂದಿದ್ದರು.

ಅವರ ಲೆಕ್ಕ ಸರಳ. ಬಣ್ಣ ನೋಡಬಾರದು, ಬಾಯಿ ನೋಡಬೇಕು. ಒಂದರ ಬಾಯಿಗೆ ಇನ್ನೊಂದು ಹಿಡಿಸುವ ಹಾಗಿದ್ದರೆ ಇವತ್ತಲ್ಲ ನಾಳೆ ನುಂಗಿಯೇ ನುಂಗುತ್ತದೆ. ಪಟ್ಟೆ ಪಟ್ಟೆಯ ಟೈಗರ್ ಬಾರ್ಬ್ ಚಂದ ನಿಜ, ಆದರೆ ಉದ್ದ ರೆಕ್ಕೆಯವು ಪಕ್ಕದಲ್ಲಿದ್ದರೆ ಕಚ್ಚಿ ಕಚ್ಚಿ ಹರಿದುಹಾಕುತ್ತದೆ. ಗುಂಪಿನಲ್ಲಿ ಬದುಕುವ ಮೀನನ್ನು ಒಂಟಿಯಾಗಿ ಒಯ್ದರೆ ಅದು ಹೆದರಿಕೆಗೇ ಸಾಯುತ್ತದೆ, ಆರಾದರೂ ಬೇಕು. ಇದೆಲ್ಲ ಆದ ಮೇಲೆ ಕೊನೆಯ ಪ್ರಶ್ನೆ, ನಿಮ್ಮನೇಲಿ ಬೇಳೆ ಬೇಯುತ್ತದಾ?

ಹೊಸಬರು ಕಕ್ಕಾಬಿಕ್ಕಿಯಾಗುತ್ತಿದ್ದರು. ನಮ್ಮ ಕಡೆಯವರಿಗೆ ಮಾತ್ರ ಅರ್ಥವಾಗುತ್ತಿತ್ತು. ಇಲ್ಲಿ ನೀರು ಎರಡು ಥರ. ಕಾವೇರಿ ನಲ್ಲಿಯ ಸಪ್ಪೆ ನೀರಿನಲ್ಲಿ ಬೇಳೆ ಬೇಗ ಕರಗುತ್ತದೆ. ಬೋರಿನ ಗಡಸು ನೀರಿನಲ್ಲಿ ಗಂಟೆಗಟ್ಟಲೆ ಕುದಿಸಿದರೂ ಕಲ್ಲಿನ ಹಾಗೆ ಕೂತಿರುತ್ತದೆ. ಬೇಳೆ ಬೇಯುವ ಮನೆಗೆ ನಿಯಾನ್ ಟೆಟ್ರಾದಂಥ ನಾಜೂಕಿನವು, ಬೇಯದ ಮನೆಗೆ ಗಡಸು ನೀರು ತಡೆಯುವ ಮಾಲಿ, ಪ್ಲಾಟಿ, ಗಪ್ಪಿ. ಸಾಹೇಬರು ನೀರನ್ನು ಅಳೆಯುತ್ತಿದ್ದುದು ಹೀಗೆ. ಆ ಅಳತೆಯನ್ನು ಕೆಡಿಸಿದವಳು ನಾನು.

ನಾನು ಬಸರಾಳಿನವಳು. ಹದಿನೇಳು ವರ್ಷದ ಹಿಂದೆ ಮಳವಳ್ಳಿಯ ಲೈನ್‌ಮನ್ ರವಿಚಂದ್ರರಿಗೆ ಎರಡನೇ ಹೆಂಡತಿಯಾಗಿ ಬಂದೆ. ಮೊದಲನೆಯವಳು ಚಂದನ, ಜ್ವರ ಬಂದು ತೀರಿಕೊಂಡು ವರ್ಷವಾಗಿತ್ತು. ಅವಳ ಮಗಳು ಗಗನಳಿಗೆ ಆಗ ಒಂಬತ್ತು ವರ್ಷ. ಆ ಹುಡುಗಿ ನನ್ನ ಹತ್ತಿರ ಜಗಳ ಆಡಿದ್ದರೆ ಸರಿಹೋಗುತ್ತಿತ್ತು, ಜಗಳದಲ್ಲಿ ನಾನೇನು ಕಡಿಮೆಯವಳಲ್ಲ. ಅವಳು ಮಾತೇ ಆಡುತ್ತಿರಲಿಲ್ಲ. ನಾನು ಜಡೆ ಹಾಕುತ್ತಿದ್ದರೆ, ನನ್ನ ಮುಂದೆಯೇ ಕೂತು, ಜಡೆ ಬಿಗಿಯಾಯಿತು ಅಂತ ಅವರಿಗೆ ಹೇಳು ಎಂದು ಅಜ್ಜಿಗೆ ಹೇಳುತ್ತಿದ್ದಳು. ಅವಳು ನನ್ನ ಮುಖ ನೋಡಿ ಒಂದೇ ಒಂದು ಮಾತು ಆಡಲಿ, ಬೈಗುಳವಾದರೂ ಸರಿ ಎಂದು ನಾನು ಒಳಗೊಳಗೇ ಹಂಬಲಿಸುತ್ತಿದ್ದೆ. ಸೀರೆ, ಒಡವೆ ಯಾವುದೂ ಬೇಡವಾಗಿತ್ತು.

ಅತ್ತೆ ಸಣ್ಣತಾಯಮ್ಮ ಕೆಟ್ಟವರಲ್ಲ, ಆದರೆ ಊಟಕ್ಕೆ ಕೂತಾಗಲೆಲ್ಲ ಚಂದನಳ ಕೈಯಲ್ಲಿ ಬೇಳೆ ಬೆಣ್ಣೆ ಹಾಗೆ ಬೇಯುತ್ತಿತ್ತು ಎನ್ನುವುದೊಂದು ಚಾಳಿ. ಹೊಸ ಬಡಾವಣೆಯ ತುದಿಯಲ್ಲಿ ಮನೆ, ಬೋರಿನ ನೀರು. ಮಂಡಿನೋವಿನ ಅತ್ತೆ ಆ ಮನೆಯ ಒಲೆ ಮುಂದೆ ನಿಂತವರೇ ಅಲ್ಲ. ಕುಕ್ಕರಿನಲ್ಲಿ ಬೇಯಿಸಿದ ಬೇಳೆ ಅವರಿಗೆ ಸೇರುತ್ತಿರಲಿಲ್ಲ, ಪಾತ್ರೆಯಲ್ಲೇ ಆಗಬೇಕು. ಚಂದನ ಹೋದ ಮೇಲೆ ಪಕ್ಕದ ಮನೆಯಿಂದ ಸಾರು ಬರುತ್ತಿತ್ತಂತೆ. ನಾನು ಬಂದ ಮೊದಲ ವಾರ ಬೇಳೆ ಬೇಯಲಿಲ್ಲ. ಎರಡನೇ ವಾರ ರಾಗಿ ಹಿಟ್ಟಿನ ಡಬ್ಬದ ಹಿಂದೆ ಅಡುಗೆ ಸೋಡಾದ ಪೊಟ್ಟಣ ಬಚ್ಚಿಟ್ಟೆ, ಬೇಳೆ ಬೆಂದಿತು. ಅತ್ತೆಯ ಬಾಯಿ ಬಂದ್ ಆಯಿತು.

ಆ ವರ್ಷ ಗಗನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮೀನಿನ ತೊಟ್ಟಿ ನೋಡಿ ಅಲ್ಲಿಂದ ಅಲ್ಲಾಡಲೇ ಇಲ್ಲ. ನಾನೇ ಹಟ ಹಿಡಿದು ಗಂಡನನ್ನು ಒಪ್ಪಿಸಿ ಮನೆಗೊಂದು ಗಾಜಿನ ತೊಟ್ಟಿ ತರಿಸಿದೆ. ಅತ್ತೆ, ಗಗನ, ನಾನು ಮೂವರೂ ಮದ್ದೂರಿನ ಬಸ್ಸು ಹತ್ತಿದೆವು. ಸಾಹೇಬರು ಬಾಯಿಯ ಪಾಠ ಹೇಳಿ, ರೆಕ್ಕೆಯ ಪಾಠ ಹೇಳಿ, ಕೊನೆಗೆ ಬೇಳೆ ವಿಚಾರಿಸಿದರು. ಪಕ್ಕದಲ್ಲಿ ಅತ್ತೆ ನಿಂತಿದ್ದಾರೆ. ಮನೆಯಲ್ಲಿ ಬೇಳೆ ಬೇಯಲ್ಲ ಎಂದು ಪರರ ಮುಂದೆ ಯಾವ ಸೊಸೆ ಹೇಳುತ್ತಾಳೆ? ಬೆಣ್ಣೆ ಹಾಗೆ ಬೇಯುತ್ತದೆ ಎಂದೆ. ಅತ್ತೆಯೂ ಹೌದೆಂದು ತಲೆಯಾಡಿಸಿದರು. ಸಾಹೇಬರು ನಂಬಿದರು. ಆರು ನಿಯಾನ್ ಮೀನುಗಳನ್ನು ಚೀಲಕ್ಕೆ ತುಂಬಿ, ಚೀಲವನ್ನು ಗಗನಳ ಕೈಗೆ ಕೊಟ್ಟರು. ದಾರಿಯುದ್ದಕ್ಕೂ ಅವಳು ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಎಂಟು ದಿನದಲ್ಲಿ ಆರೂ ಸತ್ತವು. ದಿನಾ ಸ್ಕೂಲಿಂದ ಬಂದು ಅವಳು ಎಣಿಸುವಳು, ಕಡಿಮೆಯಾದದ್ದನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂಳುವಳು. ಕೊನೆಯದನ್ನು ಹೂತ ದಿನ ಅಜ್ಜಿಯ ಹತ್ತಿರ, ನನಗೆ ಕೇಳುವಷ್ಟು ಗಟ್ಟಿಯಾಗಿ, ಅವರು ಮುಟ್ಟಿದ್ದಕ್ಕೇ ಸತ್ತುಹೋದವು ಎಂದಳು. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಮಾರನೆಯ ದಿನ ಆ ಸಂಕಟವನ್ನೆಲ್ಲ ಒಯ್ದು ಸಾಹೇಬರ ಮೇಲೆ ಸುರಿದೆ. ರೋಗದ ಮೀನು ಕೊಟ್ಟು ಮಗುವಿಗೆ ಮೋಸ ಮಾಡಿದಿರಿ ಎಂದು ಬಾಯಿಗೆ ಬಂದಂತೆ ಅಂದೆ. ಅವರು ಕೈಯಲ್ಲಿದ್ದ ಬಲೆಯನ್ನು ಕೆಳಗಿಟ್ಟರು. ಭಾನುವಾರ ಬತ್ತೀನಿ ಕಣಮ್ಮ, ನೀರು ನೋಡ್ಬೇಕು ಎಂದರು.

ಹೇಳಿದ ಹಾಗೆ ಬಂದರು. ತೊಟ್ಟಿಯ ಅಂಚಿಗೆ ಕಟ್ಟಿದ್ದ ಬಿಳಿ ಗೆರೆಯನ್ನು ಉಗುರಿನಿಂದ ಕೆರೆದು ನೋಡಿದರು. ಕುಡಿಯಲು ನೀರು ಕೇಳಿ, ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದರು. ಅವರಿಗೆ ಆಗಲೇ ಎಲ್ಲ ತಿಳಿದಿತ್ತು. ಅತ್ತೆಯ ಮುಂದೆ ಹೇಳಿ ನನ್ನ ಮಾನ ಕಳೆಯಬಹುದಿತ್ತು, ನಾನು ಅವರ ಮಾನ ಕಳೆದು ಮೂರೇ ದಿನವಾಗಿತ್ತು. ಅವರು ಜಗಲಿಯ ಮೇಲೆ ಕೂತು, ತಲೆ ತಗ್ಗಿಸಿಕೊಂಡೇ ಕೇಳಿದರು.

"ಇನ್ನೊಂದ್ಸಲ ಕೇಳ್ತೀನಿ ತಾಯಿ, ಬ್ಯಾಸ್ರ ಮಾಡ್ಕಬ್ಯಾಡಿ. ನಿಮ್ಮನೇಲಿ ಬ್ಯಾಳೆ ಬೇಯ್ತದಾ?"

ಗಗನ ಖಾಲಿ ತೊಟ್ಟಿಯ ಪಕ್ಕ ನಿಂತಿದ್ದಳು. ಮತ್ತೆ ಸುಳ್ಳು ಹೇಳಿದರೆ ಮತ್ತೆ ಆರು ಮೀನು, ಮತ್ತೆ ಕರಿಬೇವಿನ ಬುಡ. ನನ್ನ ಮಾನ ಹೋದರೂ ಸರಿ ಎನಿಸಿತು.

"ಬೇಯಲ್ಲ ಸಾಬ್ರೇ," ಎಂದೆ. "ಸೋಡಾ ಹಾಕ್ತೀನಿ."

ಅತ್ತೆ ಕೂತಲ್ಲೇ ನೆಟ್ಟಗಾದರು. ಯಾವಳೂ ಹಿಂಗೆ ಮಾಡಿರಲಿಲ್ಲ, ಆ ಪುಣ್ಯಾತ್ಗಿತ್ತಿ ಇದ್ದಾಗ ಎಂದು ರಾಗ ತೆಗೆಯುವಷ್ಟರಲ್ಲಿ ಗಗನ ಅಡ್ಡ ಬಾಯಿ ಹಾಕಿದಳು.

"ಅಮ್ಮನೂ ಆಕ್ತಿದ್ಲು ಅಜ್ಜಿ. ಅಜ್ಜಿಗೆ ಏಳ್ಬ್ಯಾಡ ಅಂದಿದ್ಲು. ನಾನು ಯಾರ್ಗೂ ಏಳಿಲ್ಲ."

ತಾಯಿ ಹೋದ ಮೇಲೂ ತಾಯಿಯ ಗುಟ್ಟನ್ನು ಆ ಮಗು ಒಂದು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿತ್ತು. ಅತ್ತೆ ಮೊಮ್ಮಗಳನ್ನು ಎಳೆದು ಮಡಿಲಿಗೆ ಹಾಕಿಕೊಂಡು, ಇಬ್ಬರು ಸೊಸೆಯರೂ ಸೇರಿ ನನಗೆ ಸೋಡಾ ತಿನ್ನಿಸಿದಿರಲ್ಲೇ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಕ್ಕರು. ನನಗೂ ನಗು ಬಂತು, ಅಳುವೂ ಬಂತು.

ಸಾಹೇಬರು ಎದ್ದು ಚಪ್ಪಲಿ ಮೆಟ್ಟಿದರು. ತಪ್ಪು ನಂದೇ, ಬೇಳೆ ಕೇಳಿದೆ, ಸೋಡಾ ಕೇಳಲಿಲ್ಲ ಎಂದರು. ಮುಂದಿನ ವಾರ ಮಾಲಿ, ಪ್ಲಾಟಿ ಕೊಟ್ಟರು, ಒಂದು ಗಂಡಿಗೆ ಮೂರು ಹೆಣ್ಣಿನ ಲೆಕ್ಕದಲ್ಲಿ. ಅವು ಬದುಕಿದವು, ಮರಿಯನ್ನೂ ಹಾಕಿದವು. ಅಲ್ಲಿಂದ ಮುಂದೆ ಅವರು ಯಾರಿಗೂ ಬೇಳೆಯ ಪ್ರಶ್ನೆ ಕೇಳಲಿಲ್ಲ. ಬಾಟಲಿಯಲ್ಲಿ ಮನೆ ನೀರು ತನ್ನಿ ಎನ್ನುತ್ತಿದ್ದರು. ಏಕೆಂದು ಹಳೇ ಗಿರಾಕಿಗಳು ಕೇಳಿದರೆ ವಯಸ್ಸಾಯಿತು, ಮರೆವು ಎನ್ನುತ್ತಿದ್ದರೇ ಹೊರತು ನನ್ನ ಹೆಸರು ಎತ್ತಿದವರಲ್ಲ. ಸಾಯುವವರೆಗೂ ಎತ್ತಲಿಲ್ಲ ಎಂದು ಸರ್ವರ್ ಬೇಗಂ ನನಗೆ ಹೇಳಿದರು. ಅಂಥ ಮನುಷ್ಯನ ಜಾಗದಲ್ಲಿ ಮೊಬೈಲ್ ಕವರ್ ನೇತಾಡಿದರೆ ಸಿಟ್ಟು ಬರದೆ ಇರುತ್ತದೆಯೇ?

ಆ ಭಾನುವಾರ ಸಾಹೇಬರು ನಮ್ಮ ಮನೆಗೆ ಬಂದುಹೋದ ಮಾರನೆಯ ಬೆಳಗ್ಗೆ ನಾನು ಒಲೆಯ ಮೇಲೆ ಬೇಳೆಗೆ ನೀರಿಟ್ಟಿದ್ದೆ. ಸೋಡಾ ಪೊಟ್ಟಣ ಈಗ ರಾಜಾರೋಷವಾಗಿ ಎದುರಿಗೇ ಇತ್ತು. ಬೆರಳಲ್ಲಿ ತೆಗೆದು ಪಾತ್ರೆಯ ಮೇಲೆ ಹಿಡಿದಿದ್ದೆ.

"ಅಷ್ಟೊಂದು ಬ್ಯಾಡ," ಎಂದಿತು ಹಿಂದಿನಿಂದ ಒಂದು ದನಿ.

ತಿರುಗಿದೆ. ಅಡುಗೆಮನೆಯ ಬಾಗಿಲಲ್ಲಿ ಗಗನ, ಬಿಚ್ಚಿದ ಕೂದಲು, ಕೈಯಲ್ಲಿ ರಿಬ್ಬನ್ನು. ಅವಳ ಅಜ್ಜಿ ಎಲ್ಲಿ ಎಂದು ಅಭ್ಯಾಸಬಲದಿಂದ ಹುಡುಕಿದೆ. ಅತ್ತೆ ಅಲ್ಲಿರಲಿಲ್ಲ, ಇದ್ದವಳು ನಾನೊಬ್ಬಳೇ. ಹುಡುಗಿ ಹತ್ತಿರ ಬಂದು, ನನ್ನ ಮಣಿಕಟ್ಟು ಹಿಡಿದು, ಬೆರಳ ತುದಿಯಿಂದ ಅರ್ಧ ಸೋಡಾವನ್ನು ವಾಪಸ್ ಪೊಟ್ಟಣಕ್ಕೆ ಉದುರಿಸಿದಳು.

"ಅಮ್ಮ ಇಷ್ಟೇ ಆಕ್ತಿದ್ದುದು," ಎಂದಳು, ನನ್ನ ಮುಖ ನೋಡಿ.