ಹೆಂಚು ಇಳಿಸಿದವನು

ಬಡಗಿ ಥಾಂಗ್ ಮೌಲಿನ್ ನಮ್ಮ ಶ್ಯಾಪೋ ಊರಿನ ಸೇತುವೆ ದಾಟುವಾಗ ಎಂದೂ ತಲೆ ಎತ್ತುತ್ತಿರಲಿಲ್ಲ. ಎತ್ತಿದರೆ ಸೇತುವೆಗೆ ಹೊದಿಸಿದ ಹೆಂಚಿನ ಮಾಡಿನ ನಡುತೊಲೆ ಕಾಣುತ್ತಿತ್ತು. ಕಟ್ಟಿದ ಮುಖ್ಯ ಬಡಗಿಯ ಹೆಸರನ್ನು ಅದರ ಮೇಲೆ ಮಸಿಯಲ್ಲಿ ಬರೆಯುವುದು ಚೀನಾದ ಈ ಫುಜಿಯಾನ್ ಬೆಟ್ಟಗಳ ಪದ್ಧತಿ. ಅಲ್ಲಿದ್ದ ಹೆಸರನ್ನು ಊರವರು ಉಜ್ಜುಗೊರಡಿನಿಂದ ಹೆರೆದು ತೆಗೆದಿದ್ದರು. ಅದು ಮೌಲಿನ್ ಅವರ ಸೋದರಮಾವ, ಗುರು ಲೈ ಜಿಂಗ್ವೆನ್ ಅವರ ಹೆಸರು.

ನಮ್ಮ ಸೇತುವೆಗೆ ಹೊಳೆಯ ನಡುವೆ ಕಂಬವಿಲ್ಲ. ದಿಮ್ಮಿಗಳನ್ನು ಬುಟ್ಟಿ ಹೆಣೆದ ಹಾಗೆ ಒಂದರಡಿ ಒಂದು ಸಿಕ್ಕಿಸಿ ಕಮಾನು ಮಾಡುತ್ತಾರೆ. ಮೇಲೆ ಹೆಂಚಿನ ಭಾರ ಕೂತಷ್ಟೂ ಹೆಣಿಗೆ ಬಿಗಿಯಾಗುತ್ತದೆ. ಆದ್ದರಿಂದ ರಿಪೇರಿಗೆ ಹೆಂಚು ಇಳಿಸುವಾಗ ಎರಡೂ ದಡದಿಂದ ಸರಿಸಮವಾಗಿ ಇಳಿಸಬೇಕು. ಇಪ್ಪತ್ತೈದರ ಹರೆಯದಲ್ಲಿ, ಮಾವ ಬೇರೆ ಊರಿಗೆ ಹೋಗಿದ್ದ ದಿನ, ಮೌಲಿನಜ್ಜ ಇಬ್ಬರು ಕೂಲಿಯವರನ್ನು ಕಟ್ಟಿಕೊಂಡು ಪೂರ್ವದ ಕಡೆಯ ಹೆಂಚನ್ನಷ್ಟೇ ಇಳಿಸಿಬಿಟ್ಟರು. ಬೇಗ ಮುಗಿಸಿ ಭೇಷ್ ಅನ್ನಿಸಿಕೊಳ್ಳುವ ಆತುರ. ಮಧ್ಯಾಹ್ನಕ್ಕೆ ಹಗುರಾದ ಕಡೆ ಉಬ್ಬಿತು, ಭಾರದ ಕಡೆ ಕುಸಿಯಿತು. ಹೊರಗಿನ ಬಡಗಿಗಳು ಬಂದು ಸರಿಮಾಡಲು ಎರಡು ವರ್ಷ ಬೇಕಾಯಿತು.

ಹಿರಿಯರು ವಿಚಾರಿಸಿದಾಗ ಮಾವ, "ಹೋಗುವಾಗ ನಾನೇ ಹಾಗೆ ಇಳಿಸು ಅಂದಿದ್ದೆ" ಎಂದರು. ಮೌಲಿನಜ್ಜ ಪಕ್ಕದಲ್ಲೇ ನಿಂತಿದ್ದರು, ಬಾಯಿ ತೆರೆಯಲಿಲ್ಲ. ಮುಂದೆ ಯಾವ ಊರೂ ಮಾವನನ್ನು ಸೇತುವೆಗೆ ಕರೆಯಲಿಲ್ಲ. ಶವಪೆಟ್ಟಿಗೆ ಮಾಡಿ ಮಾರಿ ಹೊಟ್ಟೆ ಹೊರೆದುಕೊಂಡಿದ್ದು, ಒಂದು ಚಳಿಗಾಲ ತೀರಿಕೊಂಡರು.

ಮೌಲಿನಜ್ಜನಿಗೆ ಎಪ್ಪತ್ತನಾಲ್ಕಾದಾಗ ಚಂಡಮಾರುತದ ನೆರೆ ಸೇತುವೆಯನ್ನು ಕೊಚ್ಚಿಕೊಂಡು ಹೋಯಿತು. ಊರವರು ಹೊಳೆಗುಂಟ ನಡೆದು ದಿಮ್ಮಿಗಳನ್ನು ಹೊತ್ತು ತಂದರು. ನಡುತೊಲೆ ಮಾತ್ರ ಸಿಗಲಿಲ್ಲ. ಹೆಣಿಗೆ ಬಲ್ಲವರು ಊರಲ್ಲಿ ಅಜ್ಜ ಒಬ್ಬರೇ ಉಳಿದಿದ್ದರು. ಹದಿನಾಲ್ಕು ತಿಂಗಳು ದುಡಿದು ಕಮಾನು ನಿಲ್ಲಿಸಿದರು.

ಹೊಸ ತೊಲೆ ಏರಿಸುವ ಬೆಳಗ್ಗೆ ಊರೆಲ್ಲ ಸೇರಿತ್ತು. ಊರ ಮುಖ್ಯಸ್ಥ ರೊಂಗ್‌ಹುವಾ ಮಸಿಬಟ್ಟಲು ಹಿಡಿದರು.

"ಬರೀರಿ ಅಜ್ಜ, ನಿಮ್ಮ ಹೆಸರು ದಪ್ಪಗೆ ಬರೀರಿ."

ಅಜ್ಜ ಬರೆದರು: ಮುಖ್ಯ ಬಡಗಿ, ಲೈ ಜಿಂಗ್ವೆನ್.

"ಅಯ್ಯೋ, ಇದೇನಜ್ಜ! ಸೇತುವೆ ಕೆಡಿಸಿದವ್ರ ಹೆಸರು!"

"ಕೆಡಿಸಿದ್ದು ನಾನು. ಒಂದೇ ಕಡೆ ಹೆಂಚು ಇಳಿಸ್ದವ್ನು ನಾನು. ಮಾವ ಹಾಗೆ ಹೇಳೇ ಇರ್ಲಿಲ್ಲ, ಅವತ್ತು ಊರಲ್ಲೂ ಇರ್ಲಿಲ್ಲ."

ಎಂಬತ್ತು ದಾಟಿದ ಯಿನ್‌ಮೇ ಅಜ್ಜಿ ಕೋಲೂರಿಕೊಂಡು ಮುಂದೆ ಬಂದರು.

"ಎರಡು ವರ್ಷ ಸೊಂಟದವರೆಗೂ ನೆಂದು ಹೊಳೆ ದಾಟಿದೀನಿ ಕಣೋ. ಹೆಜ್ಜೆಗೊಂದ್ಸಲ ಆ ಪುಣ್ಯಾತ್ಮನ್ನ ಬೈದಿದೀನಿ. ಆ ಬೈಗುಳ ಎಲ್ಲಾ ಈಗ ಯಾರು ವಾಪಸ್ ತಗೋತಾರೆ?"

"ನಂಗೇ ಬೈಯಕ್ಕ. ಎಲ್ಲಾ ನಂದೇ."

"ಬೈಯೋಕೆ ಹಲ್ಲೆಲ್ಲಿದೆ, ಮುಟ್ಠಾಳ! ನಿನ್ನ ಹೆಸರೂ ಬರಿ. ನಾಳೆ ಸೇತುವೆ ಅಲ್ಲಾಡಿದ್ರೆ ಸತ್ತವನ್ನ ಹೋಗಿ ಕೇಳೋಣ್ವಾ?"

ಅಜ್ಜ ಕುಂಚವನ್ನು ಮತ್ತೆ ಅದ್ದಿದರು. ಕೆಳಗೆ ಸಣ್ಣದಾಗಿ ಬರೆದರು: ಹೆಂಚು ಇಳಿಸಿದವನು, ಥಾಂಗ್ ಮೌಲಿನ್.

ತೊಲೆ ಏರಿತು. ಮರುದಿನ ಹೆಂಚು ಹೊದಿಸುವಾಗ ಅಜ್ಜ ಸೇತುವೆಯ ನಡುವೆ ಮಣೆ ಹಾಕಿಕೊಂಡು ಕುಳಿತರು. ಪೂರ್ವಕ್ಕೊಂದು ಸಾಲು, ಪಶ್ಚಿಮಕ್ಕೊಂದು ಸಾಲು.

"ಏ, ಪೂರ್ವದವ್ರೇ, ನಿಲ್ಸಿ! ಆ ಕಡೆಯವ್ರು ಬರ್ಲಿ!"

ಸಂಜೆಗೆ ಕೊನೆಯ ಹೆಂಚು ಕೂತಾಗ ಕೆಳಗೆ ದಿಮ್ಮಿಗಳು ಕಿರ್ರೆಂದು ಬಿಗಿದುಕೊಂಡವು. ಅಜ್ಜ ತಲೆ ಎತ್ತಿ, ತೊಲೆಯನ್ನು ಬಹಳ ಹೊತ್ತು ನೋಡಿದರು.