ಸ್ಪೀಕರಿನವರು ಹಾರಿಸಿದ ಹಕ್ಕಿ

ಕೊಂಢವಾ ಬಡಾವಣೆಯ ನಮ್ಮ ಮನೆಗೆ ಸ್ಪೀಕರ್ ಕೂಡಿಸಲು ಬಂದವರು ಮೂಲೆ ಮೂಲೆಗೂ ನಿಂತು ಚಪ್ಪಾಳೆ ತಟ್ಟಿ ಆಲಿಸುತ್ತಿದ್ದರು. "ಫೈವ್ ಪಾಯಿಂಟ್ ಒನ್ ಅಂದ್ರ ಐದು ಸ್ಪೀಕರ್, ಗುಡುಗಿಗೊಂದು ಡಬ್ಬಿ. ಮಾತು ಮುಂದಿಂದ, ಉಳಿದದ್ದು ಸುತ್ತಲಿಂದ. ಕಣ್ಣ ಮುಚ್ಚಿ ಹೇಳ್ರಿ, ಎಲ್ಲಿಂದ ಬಂತು?" ಎಲ್ಲರಿಗೂ ಅದೇ ಮಾತು.

ದೃಷ್ಟಿ ಹೋದಮೇಲೆ ನಮ್ಮತ್ತೆ ಟಿವಿ ಮುಂದೆ ಕೂರುವುದನ್ನೇ ಬಿಟ್ಟಿದ್ದರು. ಅವರನ್ನು ನಡುವೆ ಕೂರಿಸಿ, ರೂಢಿಯಂತೆ "ಕಣ್ಣ ಮುಚ್ಚಿ ಹೇಳ್ರಿ" ಎಂದವರೇ ನಾಲಿಗೆ ಕಚ್ಚಿಕೊಂಡರು.

"ದೇವರೇ ಮುಚ್ಯಾನ ತಮ್ಮಾ, ನೀ ಹಚ್ಚು," ಎಂದು ಅತ್ತೆ ನಕ್ಕರು.

ಹಕ್ಕಿಯೊಂದು ಕೂಗುತ್ತ ಎಡದಿಂದ ಬೆನ್ನ ಹಿಂದೆ ಹಾದು ಬಲಕ್ಕೆ ಹಾರಿತು. ಅತ್ತೆಯ ಮುಖ ಅದರ ಜೊತೆಗೇ ಮೆಲ್ಲಗೆ ತಿರುಗಿತು.

"ಕಿಟಕಿ ಕಡೆ ಹೋತು ನೋಡವಾ."

ಸ್ಪೀಕರಿನವರು ನೆಲದ ಮೇಲೆ ಕುಳಿತು ತಾವೂ ಕಣ್ಣು ಮುಚ್ಚಿದರು. ಈಗ ಅತ್ತೆ ದಿನವೂ ನಮ್ಮ ನಡುವೆಯೇ ಕೂರುತ್ತಾರೆ. ವಿಠ್ಠಲನ ದಯೆ.